ಓದಿ ಹಾಕಿದ ಸಹಿ

ಇಂಟರ್‌ನ್ಯಾಷನಲ್ ಸಿಟಿ, ದುಬೈ
೭ ಮಾರ್ಚ್ ೨೦೧೪, ಶುಕ್ರವಾರ

ಪ್ರೀತಿಯ ಇಂದ್ರಾಣಕ್ಕ,

ನಿಮ್ಮ ಕುರ್ಚಿಯಲ್ಲಿ ಕೂತು ಇಂದಿಗೆ ಒಂದು ತಿಂಗಳಾಯಿತು. ಫೋನ್ ಮಾಡೋಣವೆಂದರೆ ಆಫೀಸಿನಲ್ಲಿ ಮೋಹನಣ್ಣನ ಕ್ಯಾಬಿನ್ನಿಗೂ ನನ್ನ ಮೇಜಿಗೂ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ರೂಮಿನಲ್ಲಿ ಡ್ಯೂಟಿ ಮುಗಿಸಿ ಮಲಗಿರುವ ಇಬ್ಬರು ನರ್ಸುಗಳು. ಹಾಗಾಗಿ ಈಮೇಲ್.

ಮೊದಲಿಗೆ ಹೇಳಬೇಕಾದದ್ದು ಇದು: ಮೊದಲ ಸಂಬಳದಲ್ಲೇ ಮಗನ ಶಾಲೆಯ ಹಳೆ ಬಾಕಿ ಕಟ್ಟಿ ಮುಗಿಸಿದೆ. ಅಮ್ಮ ಕಟಪಾಡಿಯಿಂದ ಫೋನ್ ಮಾಡಿ, "ಇಂದ್ರಾಣಿಗೆ ಒಳ್ಳೆಯದಾಗಲಿ" ಎಂದು ನಾಲ್ಕು ಸಲ ಹೇಳಿದರು. ನೀವು ನನ್ನ ಹೆಸರು ಹೇಳದಿದ್ದರೆ ನನಗೆ ಈ ಕೆಲಸ ಎಲ್ಲಿ ಸಿಗುತ್ತಿತ್ತು?

ಕೆಲಸ ಹಿಡಿಸಿದೆ. ಆರು ವ್ಯಾನು, ಆರು ಡ್ರೈವರು, ದಿನಕ್ಕೆ ಏಳೆಂಟುನೂರು ನೀರಿನ ಬಾಟಲಿ. ಕಂಪನಿಯ ಸೇಟು ಆದರೂ ಮೋಹನಣ್ಣ ಎಷ್ಟು ದೊಡ್ಡ ಮನಸ್ಸಿನವರೆಂದರೆ, ಮೊದಲ ದಿನವೇ ಹಲ್ವದ ಡಬ್ಬಿ ಮುಂದಿಟ್ಟು, "ಇದು ಕಂಪನಿ ಅಲ್ಲ ಹರಿಣಾಕ್ಷಿ, ಮನೆ ಅಂತ ತಿಳ್ಕೊ" ಎಂದರು.

ಒಂದೇ ಕಿರಿಕಿರಿ. ಡ್ರೈವರುಗಳಿಂದ ನಗದು ತೆಗೆದುಕೊಳ್ಳುವವಳು ನಾನು, ಪುಸ್ತಕಕ್ಕೆ ಬರೆಯುವವಳು ನಾನು, ಬ್ಯಾಂಕಿಗೆ ಕಟ್ಟುವವಳೂ ನಾನು, ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವವಳೂ ನಾನೇ. ಊರಿನ ಸೊಸೈಟಿಯಲ್ಲಿ ಏಳು ವರ್ಷ ದುಡಿದವಳಿಗೆ ಇದು ಸರಿ ಕಾಣುವುದಿಲ್ಲ. ಅಲ್ಲಿ ಹಣ ಮುಟ್ಟಿದವರಿಗೆ ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ. ಮೋಹನಣ್ಣನಿಗೆ ಹೇಳಿದರೆ ನಕ್ಕರು. "ಇಂದ್ರಾಣಿ ಒಂಬತ್ತು ವರ್ಷ ಒಬ್ಬಳೇ ನೋಡಿದ್ದಾಳೆ. ನಿನಗೆ ಎಂತ ಕಷ್ಟ?"

ಇನ್ನೊಂದು ಕೇಳಬೇಕಿತ್ತು. ಹಳೆಯ ಸಂಬಳದ ರಿಜಿಸ್ಟರಿನಲ್ಲಿ ಹಸನಬ್ಬ ಎಂಬ ಡ್ರೈವರನ ಹೆಸರಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆದಿದೆ. ಹತ್ತೊಂಬತ್ತು ವರ್ಷ ಕೆಲಸ ಮಾಡಿದವರಂತೆ. ಬಿಡುವಾಗ ಒಂದು ದಿರ್ಹಮೂ ಕೊಟ್ಟ ಹಾಗೆ ಕಾಣುವುದಿಲ್ಲ. ಯಾಕೆ?

ನಿಮ್ಮ,
ಹರಿಣಾಕ್ಷಿ


ರುವೈಸ್
೧೮ ಮಾರ್ಚ್ ೨೦೧೪

ಪ್ರೀತಿಯ ಹರಿಣಾಕ್ಷಿ,

ನಿನ್ನ ಕಾಗದ ಓದಿ ಸಂತೋಷವಾಯಿತು. ಇಲ್ಲಿ ಇವರ ಕಂಪನಿಯ ಕ್ವಾರ್ಟರ್ಸು ದೊಡ್ಡದು. ಸಮುದ್ರ ಹತ್ತಿರವಿದೆ, ಆದರೆ ನಮ್ಮ ಸಮುದ್ರದ ವಾಸನೆ ಇಲ್ಲ. ಇವರು ಶಿಫ್ಟಿಗೆ ಹೋದರೆ ನಾನು, ಟಿವಿ, ಗೋಡೆ. ಮಗಳು ಅಕ್ಷಿತಾ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಬರೆಯುತ್ತಿದ್ದಾಳೆ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಮೊನ್ನೆ ಒಣ ಸಿಗಡಿ ಚಟ್ನಿ ಮಾಡಿದ್ದೆ, ನಿನ್ನ ನೆನಪಾಯಿತು.

ಹಸನಬ್ಬನವರದ್ದು ಹಳೆಯ ಕಥೆ. ಏನೋ ವಸೂಲಿ ಹಣದ ವ್ಯತ್ಯಾಸ. ೨೦೧೨ರಲ್ಲಿ ಊರಿಗೆ ಹೋದರು. ಅದನ್ನೆಲ್ಲ ಮೋಹನಣ್ಣನ ಹತ್ತಿರ ಕೇಳಲಿಕ್ಕೆ ಹೋಗಬೇಡ.

ಒಂದು ಮಾತು ಮಾತ್ರ ಹೇಳುತ್ತೇನೆ. ರಸೀದಿ ಇಲ್ಲದೆ ಒಂದು ನೋಟನ್ನೂ ತೆಗೆದುಕೊಳ್ಳಬೇಡ. ಯಾರು ಕೊಟ್ಟರು, ಯಾವ ದಿನ, ಎಷ್ಟು ಎಂದು ಮನೆಯಲ್ಲಿ ಬೇರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಅದು ಆಫೀಸಿನಲ್ಲಿ ಇರಬಾರದು. ಯಾಕೆಂದು ಕೇಳಬೇಡ. ಅಭ್ಯಾಸ ಒಳ್ಳೆಯದು, ಅಷ್ಟೆ.

ಇಂದ್ರಾಣಕ್ಕ


ಇಂಟರ್‌ನ್ಯಾಷನಲ್ ಸಿಟಿ
೨ ಮೇ ೨೦೧೪, ಶುಕ್ರವಾರ

ಅಕ್ಕಾ,

ನಿಮ್ಮ ಮಾತು ಕೇಳಿದೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆಯೂ ಹೋದೆ. ನಂಬರು ಹಾಕಿದ ಹೊಸ ರಸೀದಿ ಪುಸ್ತಕ ಮಾಡಿಸಿದ್ದೇನೆ. ಬಿಳಿ ಹಾಳೆ ಗಿರಾಕಿಗೆ, ಹಳದಿ ಡ್ರೈವರಿಗೆ, ಗುಲಾಬಿ ಆಫೀಸಿಗೆ. ಡ್ರೈವರು ಹಣ ಕೊಟ್ಟಾಗ ಅವನ ಹಳದಿ ಹಾಳೆಯ ಮೇಲೆ ನಾನು ಸಹಿ ಹಾಕಿ ವಾಪಸು ಕೊಡುತ್ತೇನೆ. ಇನ್ನು ಯಾರೂ ಯಾರ ಮೇಲೂ ಬೆರಳು ತೋರಿಸುವ ಹಾಗಿಲ್ಲ.

ಮೊನ್ನೆ ಪಾಲುದಾರ ಅಲೆಕ್ಸಾಂಡರ್ ಸರ್ ಅಬುಧಾಬಿಯಿಂದ ಬಂದಿದ್ದರು. ಆಸ್ಪತ್ರೆಯ ಕೆಲಸದಲ್ಲಿ ಉಳಿಸಿದ್ದನ್ನೆಲ್ಲ ಈ ಕಂಪನಿಗೆ ಹಾಕಿದವರಂತಲ್ಲ? ಮೋಹನಣ್ಣ ಅವರ ಮುಂದೆ ನನ್ನ ಮೂರು ಬಣ್ಣದ ರಸೀದಿ ತೋರಿಸಿ, ಊರ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ, "ನೋಡಿ ಪೊರ್ಬುಗಳೇ, ಇನ್ನು ನಮ್ಮಲ್ಲಿ ಕಳ್ಳತನಕ್ಕೆ ಜಾಗವೇ ಇಲ್ಲ" ಎಂದರು. ಅಲೆಕ್ಸಾಂಡರ್ ಸರ್ ನಗಲಿಲ್ಲ. "ಜೆಬೆಲ್ ಅಲಿ ಲೇಬರ್ ಕ್ಯಾಂಪುಗಳ ಬಾಕಿ ಪುನಃ ಯಾಕೆ ಬೆಳೀತಾ ಉಂಟು?" ಎಂದು ಕೇಳಿದರು.

ಆಮೇಲೆ ನಾನು ಪುಸ್ತಕ ತೆಗೆದು ನೋಡಿದೆ. ಹೌದು ಅಕ್ಕ. ಒಂದೇ ಕ್ಯಾಂಪಿನಿಂದ ಮೂವತ್ತೆಂಟು ಸಾವಿರದ ನಾನ್ನೂರು ದಿರ್ಹಮ್ ಬರಬೇಕು. ಹೊಸ ರಸೀದಿ ಬರುವ ಮೊದಲಿನ ಬಾಕಿ. ಆ ದಾರಿಯ ಡ್ರೈವರು ಸುಜಿತ್. ಕೇಳಿದರೆ, "ಅವರು ನನ್ನ ಕೈಗೆ ಕೊಡುದಿಲ್ಲ ಮೇಡಂ" ಎನ್ನುತ್ತಾನೆ, ನೆಲ ನೋಡುತ್ತಾನೆ. ಮೊನ್ನೆ ಹೊಸ ಫೋನ್ ಬೇರೆ ತೆಗೆದುಕೊಂಡಿದ್ದಾನೆ. ನನಗೆ ಅವನ ಮೇಲೆಯೇ ಅನುಮಾನ. ಭಾನುವಾರ ಮೋಹನಣ್ಣನಿಗೆ ಹೇಳಿಬಿಡಲೇ?

ಹರಿಣಾಕ್ಷಿ


ರುವೈಸ್
೨ ಮೇ ೨೦೧೪

ಹರಿಣಾಕ್ಷಿ,

ಸುಜಿತನ ಹೆಸರು ಎತ್ತಬೇಡ. ನನ್ನಾಣೆ, ಎತ್ತಬೇಡ. ಯಾರ ಹೆಸರನ್ನೂ ಹೇಳಬೇಡ.

ಹಣ ಕೊಟ್ಟರೋ ಇಲ್ಲವೋ ಎಂದು ಗೊತ್ತಿರುವುದು ಕೊಡಬೇಕಾದವರಿಗೆ. ಅವರನ್ನು ಕೇಳು.

ಫೋನ್ ಮಾಡಬೇಡ, ಇವರು ಮನೆಯಲ್ಲಿದ್ದಾರೆ.

ಇಂದ್ರಾಣಿ


ಇಂಟರ್‌ನ್ಯಾಷನಲ್ ಸಿಟಿ
೨೩ ಮೇ ೨೦೧೪, ಶುಕ್ರವಾರ

ಇಂದ್ರಾಣಕ್ಕ,

ಈ ಕಾಗದಕ್ಕೆ ಎರಡು ಸಲ ಕೂತು ಎದ್ದೆ.

ನಿನ್ನೆ ಬ್ಯಾಂಕಿನ ಕೆಲಸವೆಂದು ಹೇಳಿ ಸುಜಿತನ ವ್ಯಾನಿನಲ್ಲಿ ಜೆಬೆಲ್ ಅಲಿಗೆ ಹೋದೆ. ಆ ಕ್ಯಾಂಪಿನ ಲೆಕ್ಕ ನೋಡುವವರು ಕಜೆತಾನ್ ಎಂಬವರು, ಮೂಡುಬಿದಿರೆ ಕಡೆಯವರು. ನಿಮ್ಮ ಬಾಕಿ ಯಾವಾಗ ಕೊಡುತ್ತೀರಿ ಎಂದು ಮೆಲ್ಲಗೆ ಕೇಳಿದೆ. ಆ ಮನುಷ್ಯ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಬಾಕಿಯಾ? ಯಾವ ಬಾಕಿ ಮಾರಾಯ್ರೆ? ಪ್ರತಿ ತಿಂಗಳು ಒಂದನೇ ತಾರೀಕು ನಿಮ್ಮ ಸೇಟು ಅವರೇ ಬಂದು ನಗದು ತಗೊಂಡು ಹೋಗ್ತಾರಲ್ಲ!"

ಕಪಾಟಿನಿಂದ ದಪ್ಪ ಫೈಲು ತೆಗೆದು ನನ್ನ ಮುಂದೆ ಇಟ್ಟರು. ನಮ್ಮ ಕಂಪನಿಯದೇ ರಸೀದಿ, ಆದರೆ ನನ್ನ ಪುಸ್ತಕದ್ದಲ್ಲ, ನಂಬರೇ ಬೇರೆ. ಪ್ರತಿಯೊಂದರ ಕೆಳಗೂ ಮೋಹನಣ್ಣನ ಸಹಿ. ಆ ಬಾಲ ಎಳೆದ ನಕಾರ ನಿಮಗೂ ಗೊತ್ತಲ್ಲ? ಸ್ವಂತ ಕಂಪನಿಯಿಂದ ಯಾರಾದರೂ ಕದಿಯುತ್ತಾರೆಯೇ ಅಕ್ಕ? ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು, ಕಂಪನಿಯ ಅರ್ಧ ಅವರದ್ದಲ್ಲ, ಅಲೆಕ್ಸಾಂಡರ್ ಸರ್‌ದು. ಪುಸ್ತಕಕ್ಕೆ ಬಾರದ ಹಣದಲ್ಲಿ ಪಾಲು ಕೊಡಬೇಕಾಗಿಲ್ಲ.

ಫೈಲನ್ನು ಹಿಂದಕ್ಕೆ ತಿರುವಿದೆ. ೨೦೧೩, ೨೦೧೨, ೨೦೧೧. ಅದೇ ಸಹಿ. ಕಜೆತಾನ್ ಹೇಳಿದರು, "ಆ ಬ್ಯಾರಿ ಡ್ರೈವರು ಹಸನಬ್ಬರನ್ನು ಕಳ್ಳ ಅಂತ ಕಳಿಸಿದ್ರಂತೆ ಅಂತ ಆಮೇಲೆ ಗೊತ್ತಾಯ್ತು. ನಮ್ಮನ್ನು ಒಬ್ಬರೂ ಬಂದು ಕೇಳ್ಲಿಲ್ಲ. ನೀವೇ ಮೊದಲು."

ವ್ಯಾನಿನಲ್ಲಿ ವಾಪಸು ಬರುವಾಗ ಸುಜಿತ್ ಅತ್ತ. ಅವನಿಗೆ ಗೊತ್ತಿತ್ತು. "ಹೇಳಿದ್ರೆ ಹಸನಬ್ಬ ಕಾಕನಿಗೆ ಆದದ್ದೇ ನನಗೂ ಆಗ್ತದೆ ಮೇಡಂ" ಎಂದ. ನಾನು ಇವನನ್ನು ಹಿಡಿದುಕೊಡಲು ಹೊರಟಿದ್ದೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಕುಸಿಯುತ್ತಿರಲಿಲ್ಲ. ಆಫೀಸಿಗೆ ಬಂದು ಹಸನಬ್ಬನವರ ಹಳೆಯ ಫೈಲು ಹುಡುಕಿದೆ. ಅದರಲ್ಲಿ ೨೦೧೨ರ ಏಪ್ರಿಲ್ ತಿಂಗಳ ಒಂದು ಟೈಪ್ ಮಾಡಿದ ಹಾಳೆ ಇದೆ. ನಲವತ್ತೊಂದು ಸಾವಿರದ ಆರುನೂರು ದಿರ್ಹಮನ್ನು ಹಸನಬ್ಬ ಕ್ಯಾಂಪುಗಳಿಂದ ವಸೂಲು ಮಾಡಿ ಆಫೀಸಿಗೆ ಕೊಟ್ಟಿಲ್ಲ, ಇದು ನನಗೆ ಸ್ವತಃ ತಿಳಿದ ವಿಷಯ ಎಂದು ಬರೆದಿದೆ. ಕೆಳಗೆ ನಿಮ್ಮ ಸಹಿ.

ಅವರು ನಿಮ್ಮನ್ನು ಮೋಸಗೊಳಿಸಿ ಹಾಕಿಸಿದರೆಂದು ಹೇಳಿ ಅಕ್ಕ. ಓದದೆ ಹಾಕಿದೆ ಎಂದಾದರೂ ಹೇಳಿ. ನಂಬುತ್ತೇನೆ.

ಹರಿಣಾಕ್ಷಿ


ದುಬೈ, ಆಫೀಸಿನಿಂದ
೪ ಜೂನ್ ೨೦೧೪, ಬುಧವಾರ, ಮಧ್ಯಾಹ್ನ

ಅಕ್ಕ, ಹನ್ನೆರಡು ದಿನ ಕಾದೆ. ನೀವು ಬರೆಯಲಿಲ್ಲ.

ಈಗ ಹತ್ತು ನಿಮಿಷದ ಹಿಂದೆ ಮೋಹನಣ್ಣ ಕರೆದರು. ಮೇಜಿನ ಮೇಲೆ ಒಂದು ಹಾಳೆ. ಮೂವತ್ತೆಂಟು ಸಾವಿರದ ನಾನ್ನೂರು ದಿರ್ಹಮ್ ನಗದು ಡ್ರೈವರುಗಳಿಂದ ನನ್ನ ಕೈಗೆ ಬಂದಿದೆ, ನನ್ನ ವಶದಲ್ಲಿದೆ ಎಂದು ಅದರಲ್ಲಿದೆ. ಅದರ ಜೊತೆಗೆ ನನ್ನ ಬ್ಯಾಂಕಿನ ಒಂದು ಖಾಲಿ ಚೆಕ್ಕು ಬೇಕಂತೆ, ಭದ್ರತೆಗೆ. "ಸುಮ್ಮನೆ ಫಾರ್ಮಾಲಿಟಿ. ಪೊರ್ಬುಗಳಿಗೆ ತೋರಿಸ್ಲಿಕ್ಕೆ. ನಾಳೆ ಹನ್ನೆರಡು ಗಂಟೆ ಒಳಗೆ ಕೊಡು" ಎಂದರು. ಈ ಸಲವೂ ಹಲ್ವ ಕೊಟ್ಟರು.

ಈಗ ಅರ್ಥವಾಯಿತು. ಹಳದಿ ಹಾಳೆ ಬಂದ ಮೇಲೆ ಡ್ರೈವರು ಕದ್ದನೆಂದರೆ ಅಲೆಕ್ಸಾಂಡರ್ ಸರ್ ನಂಬುವುದಿಲ್ಲ. ಇನ್ನು ಉಳಿದವಳು ನಾನೊಬ್ಬಳೇ. ಪಾಸ್‌ಪೋರ್ಟು ಅವರ ಡ್ರಾಯರಿನಲ್ಲಿದೆ. ಚೆಕ್ಕು ಬೌನ್ಸ್ ಆದರೆ ಇಲ್ಲಿ ಜೈಲು. ಮಗನಿಗೆ ಎಂಟು ವರ್ಷ ಅಕ್ಕ.

ಏನಾದರೂ ಬರೆಯಿರಿ.


ರುವೈಸ್
೪ ಜೂನ್ ೨೦೧೪, ಸಂಜೆ

ಹರಿಣಾಕ್ಷಿ,

ಸಹಿ ಹಾಕಬೇಡ. ಚೆಕ್ಕು ಕೊಡಬೇಡ. ಅವರು ಏನೇ ಹೇಳಲಿ, ಬೈಯಲಿ, ಅಳಲಿ, ಹಾಕಬೇಡ. ಉಳಿದದ್ದನ್ನು ಆಮೇಲೆ ಓದು.

ಓದದೆ ಹಾಕಿದೆ ಎಂದು ನಿನಗೆ ಬರೆಯಲು ಹನ್ನೆರಡು ದಿನ ಪ್ರಯತ್ನಪಟ್ಟೆ. ಬರೆದು ಅಳಿಸಿದೆ. ಓದಿಯೇ ಹಾಕಿದೆ, ಹರಿಣಾಕ್ಷಿ. ಒಂದೊಂದು ಅಕ್ಷರವನ್ನೂ ಓದಿ ಹಾಕಿದೆ.

ಅವರ ಎರಡನೆಯ ರಸೀದಿ ಪುಸ್ತಕವನ್ನು ನಾನು ೨೦೧೧ರಲ್ಲೇ ನೋಡಿದ್ದೆ. ಸ್ಟಾಂಪ್ ಪ್ಯಾಡ್ ಹುಡುಕುತ್ತ ಅವರ ಡ್ರಾಯರು ಎಳೆದಾಗ ಸಿಕ್ಕಿತು. ತೆರೆದು ನೋಡಿದೆ, ಇದ್ದಲ್ಲೇ ಇಟ್ಟೆ. ಮರುವರ್ಷ ಅಲೆಕ್ಸಾಂಡರ್ ಸರ್ ಬಾಕಿಯ ಬಗ್ಗೆ ಕೇಳಿದಾಗ ಮೋಹನಣ್ಣ ಆ ಹಾಳೆ ತಂದು ಮುಂದಿಟ್ಟರು. "ಮುದುಕನಿಗೆ ಊರಿಗೆ ಹೋಗುವ ವಯಸ್ಸಾಯ್ತು, ಪೊಲೀಸು ಗಿಲೀಸು ಏನಿಲ್ಲ. ನೀನು ಸಹಿ ಹಾಕದಿದ್ರೆ ಕ್ಯಾಶಿಯರ್ ಯಾರು ಅಂತ ಕೇಳ್ತಾರೆ" ಎಂದರು. ಇವರಿಗೆ ಆಗ ಕೆಲಸವಿರಲಿಲ್ಲ. ಅಕ್ಷಿತಾ ಹತ್ತನೆಯ ಕ್ಲಾಸು. ಮನೆಯ ಮೂವರೂ ನನ್ನ ಸಂಬಳದ ಮೇಲೆ ನಿಂತಿದ್ದೆವು. ಇದನ್ನು ಕಾರಣವಾಗಿ ಹೇಳುತ್ತಿಲ್ಲ. ಏನು ನಡೆಯಿತೆಂದು ಹೇಳುತ್ತಿದ್ದೇನೆ.

ಹಸನಬ್ಬನವರು ಹೊರಡುವ ದಿನ ನನ್ನ ಮೇಜಿನ ಹತ್ತಿರ ಬಂದರು. "ನಾನು ಕೊಟ್ಟ ಹಣವನ್ನೆಲ್ಲ ನೀವೇ ಎಣಿಸಿದ್ದಲ್ವಾ ಇಂದ್ರಾಣಮ್ಮ, ಒಂದು ಮಾತು ಹೇಳಿ" ಎಂದರು. ನಾನು ಕಂಪ್ಯೂಟರು ನೋಡುತ್ತ ಕೂತೆ.

ಇನ್ನೂ ಒಂದಿದೆ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಇವರಿಗೆ ರುವೈಸಿನಲ್ಲಿ ಕೆಲಸ ಸಿಕ್ಕಿದಾಗ ಮೋಹನಣ್ಣ ನನ್ನ ವೀಸಾ ಕ್ಯಾನ್ಸಲ್ ಮಾಡಿ ಬಿಟ್ಟುಕೊಡಲು ಒಪ್ಪಲಿಲ್ಲ. "ನಿನ್ನ ಜಾಗಕ್ಕೆ ಒಬ್ಬರನ್ನು ಕೊಟ್ಟು ಹೋಗು, ಹಣಕ್ಕೆ ಅಗತ್ಯ ಇರುವವರನ್ನು" ಎಂದರು. ನನಗೆ ನಿನ್ನ ನೆನಪಾಯಿತು. ನಿನಗೆ ಉಪಕಾರ ಮಾಡುತ್ತಿದ್ದೇನೆಂದು ನಾನೇ ನನ್ನನ್ನು ನಂಬಿಸಿಕೊಂಡೆ. ನಿನ್ನ ಅಮ್ಮ ನನಗೆ ಒಳ್ಳೆಯದಾಗಲಿ ಎಂದರೆಂದು ನೀನು ಬರೆದಾಗ ಆ ದಿನ ಊಟ ಸೇರಲಿಲ್ಲ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಅಬುಧಾಬಿಗೆ ಹೋಗುತ್ತೇನೆ. ಅಲೆಕ್ಸಾಂಡರ್ ಸರ್ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಇವರಿಗೆ ಈಗಷ್ಟೇ ಹೇಳಿದೆ.

ಇಂದ್ರಾಣಿ


ಇಂಟರ್‌ನ್ಯಾಷನಲ್ ಸಿಟಿ
೧೯ ಜೂನ್ ೨೦೧೪, ಗುರುವಾರ

ಇಂದ್ರಾಣಕ್ಕ,

ಎರಡು ವಾರ ನಿಮಗೆ ಬರೆಯಲು ಮನಸ್ಸು ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ಆದರೆ ನಡೆದದ್ದು ನಿಮಗೆ ತಿಳಿಯಬೇಕು.

ಆ ಗುರುವಾರ ಹನ್ನೆರಡು ಗಂಟೆಗೆ ಹಾಳೆಯನ್ನು ಸಹಿ ಹಾಕದೆಯೇ ವಾಪಸು ಕೊಟ್ಟೆ. "ನಾನು ಎಣಿಸದ ಹಣಕ್ಕೆ ಸಹಿ ಹಾಕುವುದಿಲ್ಲ ಮೋಹನಣ್ಣ" ಎಂದೆ. ಅಷ್ಟು ಹೇಳಲು ಬೆಳಗಿನಿಂದ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಸಿಟ್ಟಾಗಲಿಲ್ಲ. ಟೀ ಹೀರುತ್ತ, "ಹಾಗಾದ್ರೆ ಹಣ ಎಲ್ಲಿ ಹರಿಣಾಕ್ಷಿ? ಪೊಲೀಸ್ ಸ್ಟೇಷನಿನಲ್ಲಿ ಹೇಳ್ತೀಯಾ?" ಎಂದರು. ಆ ದನಿ ಅಷ್ಟು ಮೆತ್ತಗಿತ್ತು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಎರಡೂಕಾಲಿಗೆ ಅಲೆಕ್ಸಾಂಡರ್ ಸರ್ ಬಂದರು. ನೀವು ಅವರನ್ನು ಕಂಡ ಮೇಲೆ ನೇರ ಹೊರಟು, ದಾರಿಯಲ್ಲಿ ಜೆಬೆಲ್ ಅಲಿಗೆ ಹೋಗಿ, ಕಜೆತಾನರಿಂದ ಆ ಫೈಲು ತಂದಿದ್ದರು. ಬಾಗಿಲು ಹಾಕಲಿಲ್ಲ. ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಡುತ್ತ ಹೋದರು. ಇಪ್ಪತ್ತು, ಮೂವತ್ತು ಆಯಿತು. ಡ್ರೈವರುಗಳು ಹೊರಗೆ ಗುಂಪಾದರು. ಮೋಹನಣ್ಣ ಮೊದಲು ನಕ್ಕರು. ಆಮೇಲೆ, "ಖಲಾಸ್ ಪೊರ್ಬುಗಳೇ, ಎಷ್ಟು ಬೇಕು ಹೇಳಿ" ಎಂದರು. ಅಷ್ಟೇ ಅಕ್ಕ. ತಪ್ಪಾಯಿತೆಂಬ ಮಾತಿಲ್ಲ, ಹಸನಬ್ಬನ ಹೆಸರಿಲ್ಲ. ಎಷ್ಟು ಬೇಕು! ಅಲೆಕ್ಸಾಂಡರ್ ಸರ್ ಮುಖ ನೋಡಲಾಗಲಿಲ್ಲ. "ನನ್ನ ಮಗಳ ಮದುವೆಯಲ್ಲಿ ನೀನು ಸ್ಟೇಜಿನ ಮೇಲೆ ನಿಂತು ಆಶೀರ್ವಾದ ಮಾಡಿದ್ದೆ ಮೋಹನ" ಎಂದು ಮಾತ್ರ ಹೇಳಿದರು.

ನನ್ನ ಪಾಸ್‌ಪೋರ್ಟು ಆ ದಿನವೇ ಕೈಗೆ ಬಂತು. ಮೋಹನಣ್ಣ ತಮ್ಮ ಪಾಲು ಬಿಟ್ಟುಕೊಟ್ಟು ಹೊರಗೆ ಹೋಗುತ್ತಿದ್ದಾರೆ. ಕೆಲಸವನ್ನು ಮೂರು ಭಾಗ ಮಾಡಿದ್ದೇವೆ: ಹಣ ತೆಗೆದುಕೊಳ್ಳುವವಳು ಹೊಸದಾಗಿ ಬಂದ ಜೆಸ್ಸಿಕಾ, ಪುಸ್ತಕ ನನ್ನದು, ಬ್ಯಾಂಕಿನ ಲೆಕ್ಕ ನೇರ ಅಲೆಕ್ಸಾಂಡರ್ ಸರ್ ಮನೆಗೆ ಹೋಗುತ್ತದೆ. ಕ್ಯಾಂಪುಗಳಿಗೆ ಪ್ರತಿ ತಿಂಗಳು ಬಾಕಿಯ ಪತ್ರ ಕಳಿಸಿ ಅವರ ಸಹಿ ತರಿಸುತ್ತೇವೆ. ಇಷ್ಟು ಸಣ್ಣ ಕೆಲಸ ೨೦೧೨ರಲ್ಲಿ ಆಗಿದ್ದರೆ!

ಆದರೆ ಪೊಲೀಸ್ ಕೇಸು ಇಲ್ಲ. "ಕಂಪನಿಯ ಹೆಸರು ಹಾಳಾಗ್ತದೆ. ಹಸನಬ್ಬನಿಗೆ ಬರಬೇಕಾದ್ದನ್ನು ಕೊಟ್ಟುಬಿಡುವ, ಕಾಗದ ಪತ್ರ ಏನೂ ಬೇಡ" ಎಂದರು ಅಲೆಕ್ಸಾಂಡರ್ ಸರ್. ಅವರೂ!

ಹಣ ಕಳಿಸಲು ಖಾತೆ ನಂಬರು ಕೇಳುವ ಕೆಲಸ ನನಗೆ ಬಂತು. ಸುಜಿತನಿಂದ ನಂಬರು ತೆಗೆದುಕೊಂಡು ಫರಂಗಿಪೇಟೆಗೆ ಫೋನ್ ಮಾಡಿದೆ. ಎತ್ತಿದವರು ಹಸನಬ್ಬನವರ ಹೆಂಡತಿ ಮೈಮೂನ. ವಿಷಯ ಹೇಳಿದೆ. ಅವರು ಹೇಳಿದರು:

"ಇವರು ಈಗ ಭಾವನ ದಿನಸಿ ಅಂಗಡಿಯಲ್ಲಿ ಈರುಳ್ಳಿ ತೂಗ್ತಾರೆ. ಎರಡು ವರ್ಷ ಆಯ್ತು, ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸಿಲ್ಲ. ಶಾಲೆಯ ವ್ಯಾನಿಗೆ ಡ್ರೈವರ್ ಬೇಕು ಅಂತ ಇತ್ತು. ಗಲ್ಫಿನಿಂದ ಯಾರೋ ಹೇಳಿದ್ರಂತೆ, ಕೊಡ್ಲಿಲ್ಲ. ಹಣ ಗುಟ್ಟಾಗಿ ಬಂದ್ರೆ ಜನ ಎಂತ ಹೇಳ್ತಾರೆ? ಕದ್ದು ಇಟ್ಟದ್ದು ಈಗ ಹೊರಗೆ ಬಂತು ಅಂತಾರೆ. ಖಾತೆ ನಂಬರು ಆಮೇಲೆ ಕೊಡ್ತೇನೆ. ಮೊದಲು ಕಾಗದ ಬರ್ಲಿ. ಸಹಿ ಹಾಕಿದವರದ್ದೇ ಕಾಗದ."

ಫೋನನ್ನು ಹಸನಬ್ಬನವರಿಗೆ ಕೊಡಿ ಎಂದರೆ ಕೊಡಲಿಲ್ಲ.

ನಾನು ನಿಮಗೆ ಬರೆಯಿರಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ನೀವು ಮೊದಲ ಬಸ್ಸಿಗೆ ಹೋಗದಿದ್ದರೆ ನಾನು ಇಂದು ಎಲ್ಲಿರುತ್ತಿದ್ದೆನೋ. ನೀವು ನನ್ನನ್ನು ಕರೆಸದಿದ್ದರೆ ಆ ಬಸ್ಸೇ ಬೇಕಾಗಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತಾಗುತ್ತಿಲ್ಲ.

ಹರಿಣಾಕ್ಷಿ


ರುವೈಸ್
೨೭ ಜೂನ್ ೨೦೧೪, ಶುಕ್ರವಾರ

ಹರಿಣಾಕ್ಷಿ,

ಮೈಮೂನರ ಮಾತನ್ನು ಮೂರು ಸಲ ಓದಿದೆ. ಹಸನಬ್ಬನವರು ಊರಿಗೆ ಹೋಗಿ ಮೊಮ್ಮಕ್ಕಳ ಜೊತೆ ಆರಾಮವಾಗಿ ಇರಬಹುದೆಂದು ಎರಡು ವರ್ಷ ಎಣಿಸಿಕೊಂಡಿದ್ದೆ. ಹಾಗೆ ಎಣಿಸದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಅಂಥ ಕಾಗದ ಬರೆದುಕೊಡಲೇ ಎಂದು ಅಲೆಕ್ಸಾಂಡರ್ ಸರ್‌ಗೆ ಫೋನ್ ಮಾಡಿ ಕೇಳಿದೆ. "ಸುಳ್ಳು ಸಾಕ್ಷಿ ಕೊಟ್ಟೆ ಅಂತ ನೀವೇ ಬರೆದು ಕೊಟ್ಟ ಹಾಗಾಗ್ತದೆ. ಕೋರ್ಟಿಗೆ ಯಾರಾದ್ರೂ ಹಿಡ್ಕೊಂಡು ಹೋದ್ರೆ ನಾನು ಏನೂ ಮಾಡ್ಲಿಕ್ಕಾಗುದಿಲ್ಲ" ಎಂದರು. ಇವರೂ ಅದನ್ನೇ ಹೇಳಿದರು, ಹೆಚ್ಚು ಗಟ್ಟಿಯಾಗಿ. ಅಕ್ಷಿತಾ ಎಲ್ಲ ಕೇಳಿಸಿಕೊಂಡಿದ್ದಳು. "ಆ ಅಂಕಲ್ ನಂಗೆ ಐಸ್‌ಕ್ರೀಮ್ ತಂದು ಕೊಡ್ತಿದ್ರಲ್ಲ ಅಮ್ಮ?" ಎಂದಳು, ತುಳುವಿನಲ್ಲಿ.

ಬರೆದಿದ್ದೇನೆ. ಪ್ರತಿ ಇಲ್ಲಿದೆ.

"ಫರಂಗಿಪೇಟೆಯ ಹಸನಬ್ಬನವರಿಗೆ, ಅವರ ಮನೆಯವರಿಗೆ, ಮತ್ತು ಇದನ್ನು ಓದುವ ಎಲ್ಲರಿಗೆ. ೨೦೧೨ನೇ ಇಸವಿಯಲ್ಲಿ ಹಸನಬ್ಬನವರು ಕಂಪನಿಯ ನಲವತ್ತೊಂದು ಸಾವಿರದ ಆರುನೂರು ದಿರ್ಹಮ್ ತೆಗೆದುಕೊಂಡರೆಂದು ನಾನು ಬರೆದುಕೊಟ್ಟೆ. ಅದು ಸುಳ್ಳು. ಸುಳ್ಳೆಂದು ಸಹಿ ಹಾಕುವಾಗಲೇ ನನಗೆ ಗೊತ್ತಿತ್ತು. ಆ ಹಣವನ್ನು ತೆಗೆದುಕೊಂಡವರು ಬೇರೆ. ಹಸನಬ್ಬನವರು ತಂದುಕೊಟ್ಟ ಹಣವನ್ನು ಏಳು ವರ್ಷ ನಾನೇ ಎಣಿಸಿದ್ದೇನೆ, ಒಂದು ದಿನವೂ ಒಂದು ದಿರ್ಹಮ್ ಕಡಿಮೆ ಇರಲಿಲ್ಲ. ಈಗ ಅವರಿಗೆ ಬರುತ್ತಿರುವುದು ಅವರ ಹತ್ತೊಂಬತ್ತು ವರ್ಷದ ದುಡಿಮೆಯ ಹಣ. ಇಂದ್ರಾಣಿ, ಕಟಪಾಡಿ."

ಅಂಚೆಗೆ ಹಾಕುವ ಮೊದಲು ನೀನು ಫೋನಿನಲ್ಲಿ ಅವರಿಗೆ ಓದಿ ಹೇಳು. ಒಂದು ಮಾತು ಕಡಿಮೆಯಾಗಿದೆ ಎಂದರೂ ಪುನಃ ಬರೆಯುತ್ತೇನೆ.

ಇಂದ್ರಾಣಿ


ಇಂಟರ್‌ನ್ಯಾಷನಲ್ ಸಿಟಿ
೪ ಜುಲೈ ೨೦೧೪, ಶುಕ್ರವಾರ

ಅಕ್ಕಾ,

ಇವತ್ತು ಓದಿ ಹೇಳಿದೆ. ಈ ಸಲ ಫೋನು ಸ್ಪೀಕರಿನಲ್ಲಿತ್ತು. ಹಿಂದೆ ಗಂಡಸೊಬ್ಬರು ಕೆಮ್ಮಿದ್ದು ಕೇಳಿಸಿತು. "ಸುಳ್ಳೆಂದು ಸಹಿ ಹಾಕುವಾಗಲೇ ನನಗೆ ಗೊತ್ತಿತ್ತು" ಎಂಬಲ್ಲಿ ಮೈಮೂನ, "ಅದನ್ನು ಇನ್ನೊಮ್ಮೆ ಓದಿ" ಎಂದರು. ಓದಿದೆ.

ಆಮೇಲೆ ಹಸನಬ್ಬನವರ ಸ್ವರ ಕೇಳಿತು. "ಇಂದ್ರಾಣಮ್ಮ ಕಟಪಾಡಿ ಅಂತ ಊರಿನ ಹೆಸರು ಯಾಕೆ ಹಾಕಿದ್ರು? ಅವರಿಗೂ ಅಲ್ಲಿ ಅಣ್ಣತಮ್ಮಂದಿರು ಇದ್ದಾರಲ್ಲ, ಅದೊಂದು ತೆಗೀಲಿಕ್ಕೆ ಹೇಳಿ" ಎಂದರು.

ಅಷ್ಟರಲ್ಲಿ ಮೈಮೂನ ಫೋನು ಕಸಿದುಕೊಂಡರು.

"ಊರಿನ ಹೆಸರು ಇರ್ಲಿ. ಒಂದು ಅಕ್ಷರ ತೆಗೀಬೇಡಿ. ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೀಲಿಕ್ಕೆ ಹೇಳಿ, ಅಂಗಡಿಯ ಗೋಡೆಗೆ ಅಂಟಿಸ್ಲಿಕ್ಕುಂಟು."

ಹರಿಣಾಕ್ಷಿ